ಓಡಿಸುವವಳನ್ನು ಒಂದು ಮಾತು ಕೇಳಿ

ಆ ದಿನ ಬೆಳಿಗ್ಗೆ ಮಂಜು ಅಂಗಳಕ್ಕೇ ಇಳಿದು ಕೂತಿತ್ತು. ರಾತ್ರಿ ಒಂದು ಮಳೆ ಹೊಡೆದು ನಿಂತಿತ್ತು. ಎದುರಿನ ಹಲಸಿನ ಮರವೂ ಕಾಣುತ್ತಿರಲಿಲ್ಲ. ಒಳಗೆ ದೇವರಿಗೆ ದೀಪ ಹಚ್ಚುತ್ತಿದ್ದ ಆಶಾರಾಣಿಗೆ ಜೀಪು ಕಾಣಲಿಲ್ಲ, ಕೇಳಿಸಿತು. ಕರ್‍ರ್ ಎಂದು ಗೇರು ಅರೆಯಿತು. ಅವಳೂ ಜೊತೆಗೇ ಹಲ್ಲು ಕಡಿದಳು.

"ಕ್ಲಚ್ಚು ಪೂರ್ತಿ ಒತ್ತೋ ಚಂದ್ರು! ಅದೇನು ಮಸಾಲೆ ಅರೆಯೋ ಕಲ್ಲಾ?"

"ನೀನು ಪೂಜೆ ಮಾಡಕ್ಕ. ಗಾಡಿ ನಾನು ನೋಡ್ಕೋತೀನಿ."

'ನಾನು ನೋಡ್ಕೋತೀನಿ' ಎನ್ನುವ ಆ ಮಾತೇ ಅವಳಿಗೆ ಮುಳ್ಳು. ಕುಶಾಲನಗರದ ಹತ್ತಿರ ಮೆಣಸಿನ ಬಳ್ಳಿ, ಕಾಫಿ ಗಿಡಗಳ ನರ್ಸರಿ ಕಟ್ಟಿದವಳು ಅವಳು. ಸಸಿ ತುಂಬಿಕೊಂಡು ಶನಿವಾರಸಂತೆಗೂ ಪೊನ್ನಂಪೇಟೆಯ ತೋಟಗಳಿಗೂ ತಾನೇ ಜೀಪು ಓಡಿಸಿದವಳು. ಹಿಂದಿನ ವರ್ಷ ಮರ ಸಾಗಿಸುವ ಲಾರಿ ಗುದ್ದಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಈಗ ಕೃತಕ ಕಾಲು ಹಾಕಿಕೊಂಡು, ಊರುಗೋಲು ಹಿಡಿದು ನಡೆಯುತ್ತಾಳೆ. ಆದರೆ ಕ್ಲಚ್ಚು ಎಷ್ಟು ಒತ್ತಿದೆ ಎಂದು ಆ ಕಾಲಿಗೆ ತಿಳಿಯದು.

ಆಸ್ಪತ್ರೆಯಲ್ಲಿದ್ದಾಗ ತಮ್ಮ ಚಂದ್ರು, "ನೀನು ಎದ್ದು ಓಡಾಡೋ ತನಕ ಇಟ್ಕೊಂಡಿರ್ತೀನಿ" ಎಂದು ಜೀಪಿನ ಕೀ ತೆಗೆದುಕೊಂಡ. ಅವಳು ಎದ್ದಳು, ಓಡಾಡಿದಳು. ಕೀ ಮಾತ್ರ, ಅದಕ್ಕೆ ಕಟ್ಟಿದ್ದ ಹಿತ್ತಾಳೆಯ ಕಾವೇರಮ್ಮನ ಬಿಲ್ಲೆಯ ಸಮೇತ, ಅವನ ಸೊಂಟದಲ್ಲೇ ಉಳಿಯಿತು. ಅವನಿಗೆ ಬಿಡುವಾದಾಗ ಸಸಿ ಹೊರಡುತ್ತದೆ. ಸೇರುವಷ್ಟರಲ್ಲಿ ಬಾಡಿರುತ್ತದೆ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ನರ್ಸರಿ ಹಿಡಿಯುತ್ತಿದ್ದರು. ಹೀಗೇ ಹೋದರೆ ಈ ಮಳೆಗಾಲಕ್ಕೆ ಬಾಗಿಲು ಹಾಕುವುದೇ ಸೈ.

"ಅಯ್ಯಯ್ಯೋ!" ಅಂಗಳದಿಂದ ತಾಯಿ ವಿಶಾಲಾಕ್ಷಮ್ಮ ಕೂಗಿಕೊಂಡರು. ಮಂಜಿನೊಳಗಿಂದ ಒಂದು ಬಿಳಿ ಕಾರು ಬಂದು ಅವರ ಸೀರೆ ಸೆರಗಿನ ಹತ್ತಿರವೇ ನಿಂತಿತ್ತು. ಇಳಿದವಳು ಪೊನ್ನಂಪೇಟೆಯಲ್ಲಿ ಸರ್ಕಾರಿ ಕೆಲಸದಲ್ಲಿರುವ ಗೆಳತಿ ಸುಮಿತಾ. ಹೊಸ ಕಾರು ಆರಿಸಲು ಆಶಾರಾಣಿಯೇ ಅವಳನ್ನು ಕರೆಸಿದ್ದಳು. ಮಗುವಾಗಿದ್ದಾಗಲೇ ಪೋಲಿಯೋದಿಂದ ಅವಳ ಎಡಗಾಲು ಸೊರಗಿತ್ತು.

"ಸದ್ದೇ ಇಲ್ದೆ ಬರ್ತೀಯಲ್ಲೇ, ದೆವ್ವದ ಹಾಗೆ!"

"ತಪ್ಪು ನಂದೇ ಅಮ್ಮ, ಹಾರನ್ ಹೊಡೀಬೇಕಿತ್ತು. ಇದು ಹೈಬ್ರಿಡ್ಡು. ನಿಧಾನಕ್ಕೆ ಹೋಗುವಾಗ ಬ್ಯಾಟರಿ ಮೋಟಾರಲ್ಲೇ ಹೋಗುತ್ತೆ. ಕೋಳಿ, ಮಕ್ಕಳು ಇರೋ ಕಡೆ ಓಡಿಸೋರೇ ಹುಷಾರಾಗಿರ್ಬೇಕು."

"ಇಲ್ಲಿ ನಾಲ್ಕು ಹನಿ ಬಿದ್ರೆ ಕರೆಂಟು ಹೋಗುತ್ತೆ. ಬ್ಯಾಟರಿಗೆ ಎಲ್ಲಿಂದ ತರ್ತೀಯ?"

"ಇದಕ್ಕೆ ವೈರ್ ಚುಚ್ಚೋದೇ ಬೇಡ. ಪೆಟ್ರೋಲ್ ಹಾಕಿದ್ರಾಯ್ತು. ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ ಬ್ಯಾಟರಿ ತಾನೇ ತುಂಬ್ಕೊಳ್ಳುತ್ತೆ. ಕೊಡಗಲ್ಲಿ ಇಳಿಜಾರಿಗೇನು ಬರವಾ?"

ಚಂದ್ರು ನಕ್ಕ. "ಏನೇ ಹೇಳಿ, ಗುಡ್ಡಕ್ಕೆ ಗೇರು ಗಾಡೀನೇ ಆಗ್ಬೇಕು. ಇರ್ಲಿ, ಅಕ್ಕಂಗೆ ಅಂತ ನಾನೂ ಹೈಬ್ರಿಡ್ಡೇ ನೋಡಿಟ್ಟಿದೀನಿ. ಬುಕ್ ಮಾಡೋದೊಂದೇ ಬಾಕಿ."

ಅಕ್ಕ, ತಮ್ಮ, ಸುಮಿತಾ ಮೂವರೂ ಅವನು ನೋಡಿಟ್ಟಿದ್ದ ಕಾರಿನ ಶೋರೂಮಿಗೆ ಹೋದರು. ಅಲ್ಲಿನ ಹುಡುಗ ಬಾಗಿಲಲ್ಲೇ ಚಂದ್ರುವಿಗೆ ಕೈ ಕೊಟ್ಟ, ನೀರು ಕೊಟ್ಟ, ಕೊನೆಗೆ ಕಾರಿನ ಕೀಯನ್ನೂ ಕೊಟ್ಟ. "ನೀವು ಓಡ್ಸಿ ನೋಡಿ ಸರ್. ಮೇಡಮ್‌ಗೆ ಹಿಂದಿನ ಸೀಟು ಆರಾಮ. ಅವ್ರಿಗೆ ಯಾವ ಬಣ್ಣ ಇಷ್ಟ ಸರ್?"

ಆಶಾರಾಣಿಯ ಕಿವಿ ಬಿಸಿಯಾಯಿತು. "ನಂಗೆ ಕಾಲು ಹೋಗಿದೆ ಕಣಪ್ಪ, ಬಾಯಿ ಹೋಗಿಲ್ಲ. ನನ್ನನ್ನೇ ಕೇಳು."

ಊರುಗೋಲು ಕುಟ್ಟುತ್ತಾ ಹೋಗಿ ಡ್ರೈವರ್ ಬಾಗಿಲು ತೆಗೆದಳು. ಬಗ್ಗಿ ನೋಡಿದಳು. ಕೆಳಗೆ ಪೆಡಲ್ ಮೂರಿದ್ದವು.

"ಇದೇನಿದು? ಕ್ಲಚ್ಚು!"

"ಹೈಬ್ರಿಡ್ಡೇ ಮೇಡಮ್. ಹಿಂದೆ ಬರೆದಿದೆ ನೋಡಿ."

"ಹಿಂದೆ ಬರೆದಿದ್ದು ಹಿಂದಿನ ಗಾಡಿಯವ್ರು ಓದ್ಕೊಳ್ತಾರೆ. ನಾನು ಕೂರೋದು ಮುಂದೆ!"

ಸುಮಿತಾ ಚಂದ್ರುವಿನ ಕಡೆ ತಿರುಗಿದಳು. "ಹೈಬ್ರಿಡ್ಡಲ್ಲಿ ಎರಡು ಥರ ಇದೆ ಚಂದ್ರು. ಮೈಲ್ಡ್ ಅಂತಾರಲ್ಲ, ಅದ್ರಲ್ಲಿ ಬ್ಯಾಟರಿ ಇಂಜಿನ್ನಿಗೆ ಚೂರು ಸಹಾಯ ಮಾಡುತ್ತೆ ಅಷ್ಟೆ. ಗೇರು, ಕ್ಲಚ್ಚು ಹಾಗೇ ಇರಬಹುದು. ನಂದು ಸ್ಟ್ರಾಂಗ್ ಹೈಬ್ರಿಡ್. ಮೋಟಾರೇ ಗಾಡಿ ಎಳೆಯುತ್ತೆ, ಕ್ಲಚ್ಚೇ ಇಲ್ಲ. ಬಲಗಾಲು ಒಂದು ಸಾಕು."

"ಅವತ್ತು ಓಡ್ಸಿ ನೋಡಿದಾಗ ಕ್ಲಚ್ಚು ನನ್ನ ಕಣ್ಣಿಗೇ ಬೀಳ್ಲಿಲ್ಲ ಅಕ್ಕ," ಎಂದ ಚಂದ್ರು ಸಣ್ಣ ದನಿಯಲ್ಲಿ.

"ಹೇಗೆ ಬೀಳುತ್ತೆ? ನಿನ್ನ ಎಡಗಾಲು ಅದ್ರ ಮೇಲೇ ಇತ್ತಲ್ಲ."

ಎರಡನೆಯ ಶೋರೂಮಿನಲ್ಲಿ ಕ್ಲಚ್ಚಿಲ್ಲದ ಗಾಡಿಯೇನೋ ಇತ್ತು. ಅಲ್ಲಿಯವನು ತಡವರಿಸಿದ. "ಮೇಡಮ್ ಓಡ್ಸೋದು ಅಂದ್ರೆ... ರಿಸ್ಕು ಸರ್."

ಆಶಾರಾಣಿ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಳು. "ಕಾಲಿನ ವಿಷಯ ಆರ್‌ಟಿಓದಲ್ಲಿ ತಿಳಿಸಿ, ಡಾಕ್ಟರ ಸರ್ಟಿಫಿಕೇಟು ಕೊಟ್ಟು, ಈ ಸುಮಿತಾನ ಗಾಡೀಲೇ ಓಡಿಸಿ ತೋರ್ಸಿ ಬಂದಿದೀನಿ. ಸರ್ಕಾರ ಒಪ್ಪಿದ್ಮೇಲೆ ನಿಂದೇನು ತಕರಾರು? ದೇವ್ರು ಒಂದು ಕಾಲು ತಗೊಂಡ. ಮಿಕ್ಕಿದ್ದನ್ನೆಲ್ಲ ನೀವ್ಯಾಕೆ ತಗೊಳ್ತೀರಿ?"

"ಯಾವಾಗ ಹೋಗಿದ್ದೆ ಅಕ್ಕ?" ಚಂದ್ರು ಬಾಯಿ ಬಿಟ್ಟ.

"ನೀನು ನೋಡ್ಕೋತಾ ಇದ್ದಾಗ."

ಅವಳೇ ಕೂತಳು. ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಊರಾಚೆಯ ಏರಿನ ನಟ್ಟನಡುವೆ ಬೇಕೆಂದೇ ನಿಲ್ಲಿಸಿದಳು. ಪಕ್ಕದಲ್ಲಿದ್ದ ಚಂದ್ರುವಿಗೆ ಜೀಪಿನ ಅಭ್ಯಾಸ. "ಇರಕ್ಕ, ಚಕ್ರಕ್ಕೆ ಕಲ್ಲು ಕೊಡ್ತೀನಿ!" ಎಂದು ಹಾರಿ ಇಳಿದು ಕಲ್ಲು ಹುಡುಕಿದ. ಅವಳು ಬ್ರೇಕಿನಿಂದ ಬಲಗಾಲು ತೆಗೆದು ಆಕ್ಸಿಲರೇಟರ್ ಮೇಲಿಟ್ಟಳು. ಕಾರು ಒಂದು ಗೇಣೂ ಹಿಂದೆ ಜಾರದೆ ಮೇಲೇರಿತು. ಚಂದ್ರು ಕಲ್ಲು ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದ.

"ಕಲ್ಲು ಬಿಸಾಕ್ಬೇಡ, ಜೀಪಿಗೆ ಬೇಕಾಗುತ್ತೆ!" ಹಿಂದಿನ ಸೀಟಿನಿಂದ ಸುಮಿತಾ ಕೂಗಿದಳು.

ಆದರೂ ಆ ಗಾಡಿಯನ್ನು ಕೊಳ್ಳಲಿಲ್ಲ. ಕಾಲು ನೊಂದ ದಿನ ಬಳಸುವ ಗಾಲಿಕುರ್ಚಿಯನ್ನು ಜೊತೆಗೇ ತಂದಿದ್ದರು. ಬ್ಯಾಟರಿ ಜಾಗ ತಿಂದಿದ್ದರಿಂದ ಅದು ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟು ಮಡಚಿದರೆ ಕುರ್ಚಿಯೂ ಸಸಿಯ ಟ್ರೇಗಳೂ ಹಿಡಿಸುವ ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್ ಸಿಕ್ಕಿತು. ಮಗಳು ಅದರಲ್ಲಿ ಒಂದು ಸುತ್ತು ಕರೆದುಕೊಂಡು ಹೋದ ಮೇಲೆ ವಿಶಾಲಾಕ್ಷಮ್ಮನ ಕರೆಂಟಿನ ಚಿಂತೆಯೂ ಮುಗಿಯಿತು.

ಓದುತ್ತಿರುವ ಅಮ್ಮಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಹಿಂದಿನ ಸೀಟಿನಲ್ಲಿ ಕೂತಿರಬಹುದು. ಅವರಿಗೆ ಕರುಣೆ ಬೇಡ, ಜಾಗ ಬಿಡಿ. ಓಡಿಸುವವರೇ ಕೂತು, ಹತ್ತಿ ಇಳಿದು, ಏರಿನಲ್ಲಿ ನಿಲ್ಲಿಸಿ ನೋಡಲಿ. ಕಾರಿನ ಹಿಂದಿನ ಬರಹ ನಂಬಬೇಡಿ, ಬಗ್ಗಿ ಪೆಡಲ್ ನೋಡಿ. ಊರುಗೋಲು, ಗಾಲಿಕುರ್ಚಿ ಡಿಕ್ಕಿಯಲ್ಲಿಟ್ಟೇ ನೋಡಿ. ಹೈಬ್ರಿಡ್ಡಿಗೆ ಬೆಲೆ ಹೆಚ್ಚು. ಓಡಾಟ ಕಡಿಮೆಯಿದ್ದರೆ ಕ್ಲಚ್ಚಿಲ್ಲದ ಸಾಮಾನ್ಯ ಆಟೋಮ್ಯಾಟಿಕ್ ಗಾಡಿಯೂ ಸಾಕಾಗಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಕೈಯಿಂದ ಒತ್ತಲೆಂದು ಪೆಡಲಿಗೆ ಸರಳು ಬೆಸುಗೆ ಹಾಕಿಸುವ ಸಾಹಸ ಮಾತ್ರ ಬೇಡವೇ ಬೇಡ. ಗಾಡಿಯಲ್ಲಿ ಏನು ಬದಲಾಯಿಸಬೇಕಾದರೂ ಮೊದಲು ಆರ್‌ಟಿಓ ಒಪ್ಪಿಗೆ ಪಡೆಯಿರಿ, ವಿಮೆಯವರಿಗೂ ತಿಳಿಸಿ. ಅಂಗವಿಕಲರಿಗೆ ಈಗ ಯಾವ ರಿಯಾಯಿತಿ ಇದೆ ಎಂದು ಬುಕ್ ಮಾಡುವ ಮುಂಚೆಯೇ ವಿಚಾರಿಸಿ. ಅದು ಭಿಕ್ಷೆಯಲ್ಲ, ಹಕ್ಕು.

ಹೊಸ ಗಾಡಿಯ ಪೂಜೆಯ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಅರ್ಚಕ ಪರಮೇಶಪ್ಪನವರು ಪೂಜೆ ಮಾಡಿದ ಕೀಯನ್ನು ರೂಢಿಯಂತೆ ಚಂದ್ರುವಿನ ಕಡೆಗೇ ಚಾಚಿದರು. ಅವನು ತೆಗೆದುಕೊಂಡ. ಸೊಂಟದಿಂದ ಜೀಪಿನ ಕೀ ಬಿಚ್ಚಿ, ಅದರಲ್ಲಿದ್ದ ಕಾವೇರಮ್ಮನ ಬಿಲ್ಲೆಯನ್ನು ಕಳಚಿ, ಹೊಸ ಕೀಗೆ ಪೋಣಿಸಿದ. ಅದನ್ನು ಅಕ್ಕನ ಅಂಗೈಯಲ್ಲಿಟ್ಟ.