ಹುಲಗಮ್ಮನ ಹಣೆ

ನೊಣ ಮತ್ತೆ ಹಣೆಯ ಮೇಲೇ ಬಂದು ಕೂತಿತು, ಕರಿಯವ್ವ ಸೆರಗಿನ ತುದಿಯಿಂದ ಬೀಸಿದಳು, ಹೋಯಿತು, ಒಂದು ಸುತ್ತು ಹಾಕಿ ಮತ್ತೆ ಅಲ್ಲೇ — ಇಷ್ಟಗಲ ಮುಖ ಬಿಟ್ಟು ನಿನಗೂ ಈ ಹಣೆಯೇ ಬೇಕೇ, ಊರವರಿಗೆಲ್ಲ ಬೇಕಾಗಿದ್ದು ಸಾಲದೇ — ಸೊಸೆಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದಾರೆ, ತಲೆ ವಾಲದಂತೆ ಹಳೇ ಸೀರೆಯ ತುಂಡಿನಿಂದ ಗೂಟಕ್ಕೆ ಕಟ್ಟಿದ್ದಾರೆ, ಹುಲಗಮ್ಮ ಎಂದೂ ಹೀಗೆ ಗೋಡೆಗೆ ಒರಗಿ ಕೂತವಳಲ್ಲ, ಕೂತರೆ ರೊಟ್ಟಿ ಬಡಿಯಲಿಕ್ಕೆ, ಇಲ್ಲವೇ ಮೊಣಕಾಲೂರಿ ಪ್ರಾರ್ಥನೆಗೆ, ಒಂದಿಷ್ಟು ಚಾ ಕಾಸವ್ವಾ ಅಂದರೆ ಈಗಲೂ ಎದ್ದುಬಿಟ್ಟಾಳು ಅನ್ನಿಸುತ್ತದೆ, ನಸುಕಿನಲ್ಲಿ ಹೋದಳು, ಹೊಟ್ಟೆಯ ಗಡ್ಡೆ ಮಳೆಗಾಲದಿಂದ ತಿಂದು ತಿಂದು ಕಡೆಗೆ ಉಳಿಸಿದ್ದು ಎರಡು ಕಣ್ಣು, ಈ ಹಣೆ — ಹೊರಗೆ ಕಟ್ಟೆಯ ಮೇಲೆ ದುರಗಪ್ಪ ಮೊಣಕಾಲಲ್ಲಿ ಮುಖ ಇಟ್ಟು ಕೂತಿದ್ದಾನೆ, ಅತ್ತುಬಿಡೋ ನನ್ನ ಮಗನೇ, ಹೆಂಡತಿ ಸತ್ತವನು ಅಳಬಾರದೆಂದು ಯಾರು ಹೇಳಿದರು — ತಾವರಗೇರಾದ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತೇ, ಇಲ್ಲ, ಗಂಗಾವತಿಯಿಂದ ಪಾಸ್ಟರು ಬರಬೇಕು, ಪ್ರಾರ್ಥನೆಯವರು ಬರಬೇಕು, ಅವರು ಬರುವುದರೊಳಗೆ ಪಕ್ಕದ ಮನೆಯ ಪಾರಮ್ಮ ತಟ್ಟೆ ತಂದು ಇಟ್ಟಾಗಿದೆ, ಅರಿಶಿಣ, ಕುಂಕುಮ, ಹಸಿರು ಬಳೆ, ಉಡಿ ತುಂಬಲಿಕ್ಕೆ ಅಕ್ಕಿ ಕೊಬ್ಬರಿ, ಮುತ್ತೈದಿ ಸಾವು ಕರಿಯವ್ವ, ಯಾರಿಗೆ ಬರತೈತಿ ಇಂಥಾ ಪುಣ್ಯ, ಬದುಕಿದ್ದಾಗ ಆಕಿ ಹಟ ಆಕಿಗೆ, ಈಗರ ಹಚ್ಚಿ ಕಳಸೂಣು, ಬೋಳಹಣಿಲೆ ಕಳಿಸಿದ್ರ ಗಂಡಗ ಛಲೋ ಅಲ್ಲ, ನಿನಗಿರಾಂವ ಒಬ್ಬ ಮಗ, ನೋಡು ಮತ್ತ. ಎಲ್ಲರೂ ಕರಿಯವ್ವನ ಬಾಯಿ ನೋಡುತ್ತಿದ್ದಾರೆ.

ಬೋಳಹಣಿ — ಆ ಮಾತನ್ನು ಈ ಮನೆಯಲ್ಲಿ ಮೊದಲು ಆಡಿದವಳು ತಾನೇ, ಪಾರಮ್ಮನಲ್ಲ, ಹುಲಗಮ್ಮ ಹೊರಗಿನವಳೇನು, ಸ್ವಂತ ಅಣ್ಣನ ಮಗಳು, ಹುಲಿಗಿಯ ದೇವಿಗುಡಿಗೆ ಒಯ್ದು ಅಮ್ಮನ ಮುಂದೆ ಮಲಗಿಸಿ ಅಮ್ಮನ ಹೆಸರನ್ನೇ ಇಟ್ಟು, ಹಸುಗೂಸಿನ ಹಣೆಗೆ ಮೊದಲ ಕುಂಕುಮ ಇಟ್ಟವಳೂ ತಾನೇ, ಬೆಳೆದ ಮೇಲೆ ಬೇರೆಯವರ ಮನೆಗೆ ಯಾಕೆ ಹೋಗಲಿ ಅಂತ ಮಗನಿಗೇ ತಂದುಕೊಂಡಳು, ಎರಡು ಕೂಸು ಹುಟ್ಟಿದವು, ಎರಡೂ ತೊಟ್ಟಿಲಲ್ಲೇ ಹೋದವು, ಅಲ್ಲಿಂದ ಹುಡುಗಿಗೆ ನಿದ್ದೆಯೇ ಇಲ್ಲ, ತೊಂಬತ್ತೇಳರಲ್ಲಿ ಊರ ಹೆಂಗಸರ ಜೊತೆ ಗಂಗಾವತಿ ಕಡೆಯ ಆಂಧ್ರದವರ ಕ್ಯಾಂಪಿಗೆ ಭತ್ತದ ನಾಟಿಗೆ ಹೋದವಳು, ಹೋಗುವಾಗ ಹಣೆತುಂಬ ಕುಂಕುಮ, ಬರುವಾಗ ಬರೀ ಹಣೆ, ಬಾಯಲ್ಲಿ ತನಗೇ ಅರ್ಥವಾಗದ, ಯೇಸಪ್ಪನ ತೆಲುಗು ಹಾಡು, ಅಯ್ಯ ಮೂದೇವಿ, ಗಂಡ ಗುಂಡಕಲ್ಲಿನಂಗ ಕುಂತಾನ, ಬೋಳಹಣಿಲೆ ಬಂದೀಯಲ್ಲ, ನಿನ್ನ ಬಾಯಾಗ ಮಣ್ಣ ಹಾಕ — ಬೈದಳು, ತಾಟು ಚರಿಗೆ ಬೇರೆ ಇಟ್ಟಳು, ಮಾತು ಬಿಟ್ಟಳು, ಹುಲಗಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು, ಬಡಿತಕ್ಕೆ ಸರಿಯಾಗಿ ಸ್ತೋತ್ರ ಯೇಸಪ್ಪ, ಸ್ತೋತ್ರ ಯೇಸಪ್ಪ, ಮುಂದೆ ಕೂಸೂ ಆಗಲಿಲ್ಲ, ಒಂದು ದಿನ ಕರಿಯವ್ವ ತಡೆಯಲಾರದೆ ಕೇಳಿಯೇಬಿಟ್ಟಳು, ಏನ ಕೊಟ್ಟನ ನಿನ್ನ ಯೇಸಪ್ಪ, ಒಂದ ಕೂಸರ ಕೊಟ್ಟನಾ, ಹುಲಗಮ್ಮ ಹಿಟ್ಟು ಮೆತ್ತಿದ ಕೈ ಹಾಗೇ ಹಿಡಿದು ನಕ್ಕಳು, ನಿದ್ದಿ ಕೊಟ್ಟಾನ್ರಿ ಅತ್ತಿ.

ಆಮೇಲೆ ದುರಗಪ್ಪನಿಗೆ ಜ್ವರ ಬಂತಲ್ಲ, ಮೈ ಸುಟ್ಟು ಸುಟ್ಟು ಮಾತು ನಿಂತುಹೋದ ಜ್ವರ, ಕುಷ್ಟಗಿಯ ಡಾಕ್ಟರು ಕೈಚೆಲ್ಲಿ ಕೂತಾಗ ಕರಿಯವ್ವ ಸೊಸೆಯ ಕಾಲಿಗೇ ಬಿದ್ದಳು, ಯಾವ ಅತ್ತೆ ಬಿದ್ದಾಳು, ಇವಳು ಬಿದ್ದಳು, ಸಾಸಿವಿಕಾಳಿನಷ್ಟರ ಕುಂಕುಮ ಹಚಗೊಳ್ಳ, ನನ್ನ ಮಗ ಉಳಿಯವಲ್ಲ, ಹುಲಗಮ್ಮ ಅವಳನ್ನು ಎತ್ತಿ ಕೂಡಿಸಿ ತಾನೂ ಅಳುತ್ತ ಹೇಳಿದಳು, ನಿಮ್ಮ ಮಗನ ಜೀವ ಈ ಹಣಿಮ್ಯಾಗ ಇಲ್ರಿ ಅತ್ತಿ, ಯೇಸಪ್ಪನ ಕೈಯಾಗ ಐತಿ — ಕಲ್ಲುಮನಸ್ಸಿನವಳು ಅಂದುಕೊಂಡಳು ಆಗ, ಆದರೆ ಗಂಡನ ತಲೆದೆಸೆ ಬಿಟ್ಟು ಏಳದೆ, ತುತ್ತು ಮುಟ್ಟದೆ ಕೂತವಳೂ ಅವಳೇ, ಮಗ ಎದ್ದು ಗಂಜಿ ಕೇಳಿದ, ಅದಾಗಿ ವರ್ಷದೊಳಗೆ ಯಲಬುರ್ಗಾದ ಸಂತೆಗೆ ಹೋದ ಕರಿಯವ್ವನ ಗಂಡ ಬಸ್ಸಿಂದ ಇಳಿದವನೇ ಎದೆ ಹಿಡಿದು ಕುಸಿದ, ರೂಪಾಯಿಯಗಲ ಕುಂಕುಮ ಇತ್ತಲ್ಲ ಇವಳ ಹಣೆಯಲ್ಲಿ, ಏನು ತಡೆಯಿತು ಅದು — ಬಳೆ ಒಡೆದರು, ಮುಂಗೈಯಲ್ಲಿ ರಕ್ತ, ಹಣೆ ಒರೆಸಿದ ಕೈ ಎಷ್ಟು ಒರಟಾಗಿತ್ತು, ಅವತ್ತಿನಿಂದ ಹೊಲಕ್ಕೆ ಹೊರಟವರು ಇವಳನ್ನು ಕಂಡರೆ ನಿಂತು ಉಗುಳಿ ಹೋಗುವರು, ಪಾರಮ್ಮನೂ, ಹೌದು ಇದೇ ಪಾರಮ್ಮ, ಎದುರಿಗೆ ಬರಬ್ಯಾಡ ಯಕ್ಕಾ ಅಂದವಳು, ಹುಲಗಮ್ಮ ಮಾತ್ರ ದಿನಾ ಕೂಲಿಗೆ ಹೊರಡುವ ಮುಂದೆ ಎದುರಿಗೇ ಬಂದು ತಲೆ ಬಗ್ಗಿಸುತ್ತಿದ್ದಳು, ಕೈಯಿಡ್ರಿ ಅತ್ತಿ, ಹೊಂಟೆ, ಮದುವೆಮನೆಗಳಲ್ಲಿ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ, ಕುಂಕುಮ ಕಳಕೊಂಡವಳೊಬ್ಬಳು, ಬೇಡವೆಂದವಳೊಬ್ಬಳು, ಎಲೆಯಡಿಕೆ ಹಾಕುತ್ತ ಒಳಗಿನವರ ಸೀರೆಗಳನ್ನು ಆಡಿಕೊಂಡು ನಗುತ್ತಿದ್ದರು, ಎಂಥಾ ನಗು ಅದು, ಮೊನ್ನೆ ನೀರು ಕುಡಿಸುವಾಗ ಕೈ ಹಿಡಿದು, ಹಣಿಗೆ ಏನೂ ಹಚ್ಚಗೊಡಬ್ಯಾಡ್ರಿ ಅತ್ತಿ, ಇದ್ದಂಗ ಹೋಗ್ತೀನಿ ಅಂದಿದ್ದಳು, ಕರಿಯವ್ವ ಹೂಂ ಅಂದಳು. ಆ ಹೂಂ ಬೇರೆ ಯಾರೂ ಕೇಳಿಲ್ಲ.

ನಿನಗಿರಾಂವ ಒಬ್ಬ ಮಗ — ಹೊರಗೆ ದುರಗಪ್ಪ ಕೆಮ್ಮಿದ, ಆ ಕೆಮ್ಮು ಕೇಳಿದ್ದೇ, ಹಚ್ಚವ್ವಾ ಪಾರಮ್ಮ, ಹಚ್ಚು, ಕರಿಯವ್ವನ ಬಾಯಿಂದ ಬಂದೇಬಿಟ್ಟಿತು, ಪಾರಮ್ಮ ಹೆಬ್ಬೆರಳು ಒತ್ತಿ ಇಟ್ಟಳು, ರೂಪಾಯಿಯಗಲ, ಎವ್ವಾ, ಥೇಟ್ ಹುಲಿಗಿ ಅಮ್ಮ ಕುಂತಂಗ ಕಾಣ್ತಾಳ ನೋಡ್ರೆ ಅಂದಳು ಯಾರೋ, ಹೌದು, ಎಷ್ಟು ವರ್ಷದಿಂದ ಕಾಣಬೇಕೆಂದು ಹಂಬಲಿಸಿದ ಮುಖ, ಕಂಡಿತು, ಇದು ಯಾರು, ಯಾರನ್ನು ಕೂಡಿಸಿದ್ದೀರಿ ನನ್ನ ಪಡಸಾಲೆಯಲ್ಲಿ, ಇವಳು ನನ್ನ ಹುಲಗಮ್ಮನಲ್ಲ, ಇವಳಿಗೆ ಹೇಗೆ ಕೈಯಿಡಲಿ ನಾನು, ಬಾಯಿಲ್ಲದವಳಾದಳೆಂದು ಹೀಗೆ ಮಾಡುವುದೇ, ನಿಮ್ಮ ಮಗನ ಜೀವ ಈ ಹಣಿಮ್ಯಾಗ ಇಲ್ರಿ ಅತ್ತಿ — ಕುಂಕುಮ ಹಚ್ಚುವ ಹಕ್ಕು ರಂಡೆಯರಿಗಿಲ್ಲ, ಅಳಿಸುವ ಹಕ್ಕು ಇದೆಯಲ್ಲ — ನೀರಿನ ಚರಿಗೆಯಲ್ಲಿ ಸೆರಗು ಅದ್ದಿದಳು, ಎದ್ದಳು, ಪಾರಮ್ಮ ಚೀರಿದಳು, ಏಯ್ ಕರಿಯವ್ವಾ, ಗಂಡ ಜೀವಂತ ಅದಾನಲ್ಲೇ, ನಿನ್ನ ಮಗನ್ನ ನೀನ ತಿಂತೀಯೇನ, ಕೈ ನಿಂತಿತು, ಹಣೆ ಕಣ್ಣೆದುರಿಗೇ ಇದೆ, ಬಾಗಿಲಲ್ಲಿ ದುರಗಪ್ಪ ಬಂದು ನಿಂತಿದ್ದಾನೆ, ಉಸಿರಾಡುತ್ತಿದ್ದಾನೆ, ಎದೆ ಮೇಲೆ ಕೆಳಗೆ ಆಗುವುದು ಕಾಣುತ್ತಿದೆ, ಅಯ್ಯೋ ನನ್ನಪ್ಪ, ಒರೆಸಿದಳು, ಒಂದು ಸಲ, ಅವನು ನಿಂತೇ ಇದ್ದಾನೆ, ಇನ್ನೊಂದು ಸಲ, ಕಣ್ಣೆತ್ತಿ ಮಗನ ಮುಖ ನೋಡುವ ಧೈರ್ಯವಿಲ್ಲ, ದುರಗಪ್ಪನ ದನಿ ಬಂತು, ಅಳು ಒಡೆದ ದನಿ, ಇನ್ನಾ ಐತಿ ನೋಡವ್ವಾ, ಹುಬ್ಬಿನ ಹತ್ರ — ಸೆರಗೆಲ್ಲ ಕೆಂಪು, ಬೆರಳೆಲ್ಲ ಕೆಂಪು, ನೀರು ತಾಗಿದಷ್ಟೂ ಇಳಿಯುತ್ತಿದೆ, ಹುಬ್ಬುಗಳ ನಡುವಿನ ಗೆರೆಯಲ್ಲಿ ಕೂತುಬಿಟ್ಟಿದೆ, ಒರಟು ಕೈ ಬೇಡ, ಮೆಲ್ಲಗೆ, ಕೂಸಿನ ಹಣೆ ಒರೆಸಿದಂತೆ ಮೆಲ್ಲಗೆ, ಹೋಗವಲ್ಲದು, ಹೂಂ ಅಂದಿದ್ದೆನವ್ವಾ, ಹೂಂ ಅಂದಿದ್ದೆ, ಹೋಗವಲ್ಲದು, ತಣ್ಣಗಿನ ಹಣೆ, ಗೆರೆಯಲ್ಲಿ ಕೆಂಪು, ಹಣೆ,