ಹಮಾಮಿನ ಕಿಂಡಿ

ಸೇಬಿನ ಕಡೆಯ ಲಾರಿ ಊರು ಬಿಟ್ಟಿತೆಂದರೆ ನಮ್ಮ ಕಡೆಯ ಜನ ಮರಗಳನ್ನು ನೋಡುವುದನ್ನು ನಿಲ್ಲಿಸಿ ನೆಲವನ್ನು ನೋಡಲು ಶುರುಮಾಡುತ್ತಾರೆ. ಹಮಾಮಿನ ನೆಲ. ಮನೆಗೊಂದೇ ಕೋಣೆ ಅದು. ಕೆಳಗೆ ಪೊಳ್ಳು, ಮೇಲೆ ಕಲ್ಲುಚಪ್ಪಡಿ. ನಡುಮನೆಯ ಕಡೆಯಿಂದ ಕಟ್ಟಿಗೆ ತುಂಬಿ ಬೆಂಕಿ ಹಚ್ಚಿದರೆ ಹೊಗೆ ಕಲ್ಲಿನಡಿ ಸುಳಿದಾಡಿ, ಗೋಡೆಯೊಳಗಿನ ದಾರಿ ಹಿಡಿದು ಸೂರಿನಾಚೆ ಹೋಗುತ್ತದೆ. ಕಾದ ಕಲ್ಲು ದಿನವಿಡೀ ತಾಯಿಯ ಮಡಿಲಿನಂತೆ ಬೆಚ್ಚಗಿರುತ್ತದೆ. ದೊಡ್ಡ ಚಳಿಯ ನಲವತ್ತು ದಿನ ನಾವು ಉಣ್ಣುವುದು, ಮಲಗುವುದು, ಜಗಳವಾಡುವುದು, ನಮಾಜು ಮಾಡುವುದು ಎಲ್ಲ ಆ ಕಲ್ಲಿನ ಮೇಲೆಯೇ.

ನಮ್ಮ ಮನೆಗೂ ರಾಹತಿ ಅಕ್ಕನ ಮನೆಗೂ ನಡುವೆ ಒಂದು ಅಕ್ರೋಟದ ಮರವಷ್ಟೇ ಅಡ್ಡ. ಆ ವರ್ಷ ಅವರ ಹಮಾಮಿನಲ್ಲಿ ಚಿಂತೆಗೆ ಕಾರಣವಾದದ್ದು ನೆಲವಲ್ಲ, ಒಂದು ಕಿಂಡಿ. ಪಡುವಣ ಗೋಡೆಯಲ್ಲಿ, ಕೂತವರ ತಲೆಗಿಂತ ತುಸು ಮೇಲೆ, ಅಂಗೈಯಗಲದ ತೂತು. ಅದನ್ನು ಮುಚ್ಚಬೇಕೋ ಬಿಡಬೇಕೋ ಎಂಬ ಮಾತು.

ಸೊಸೆ ತಬಿಂದಾ ತವರಿನಲ್ಲಿ ಬಾಣಂತನ ಮುಗಿಸಿ ಹಿಬಾಳನ್ನು ಎತ್ತಿಕೊಂಡು ಬಂದಿದ್ದಳು. ಮಗು ಇನ್ನೂ ಕೈಗೂಸು. ತುಪ್ಪಳದ ಟೊಪ್ಪಿಗೆಯೊಳಗೆ ಮುಖ ಎಲ್ಲಿದೆಯೆಂದು ಹುಡುಕಬೇಕು. ಮಗ ರಯೀಸ್ ಸೇಬಿನ ಲಾರಿ ಹೊಡೆದುಕೊಂಡು ದಿಲ್ಲಿಗೆ ಹೋದವನು, ಬರುವಾಗ ಗುಡ್ಡ ಕುಸಿದು ದಾರಿಯಲ್ಲೇ ಸಿಕ್ಕಿಕೊಂಡಿದ್ದ. ದಿನಾ ಫೋನು ಮಾಡಿ, "ಹಮಾಮ್ ಸರಿ ಮಾಡಿಸಿದ್ರಾ? ಮಗೂಗೆ ಥಂಡಿ ತಾಗಿಸ್ಬೇಡಿ," ಎನ್ನುತ್ತಿದ್ದ. ಹೇಳಿಸಿಕೊಳ್ಳುವ ಅಗತ್ಯ ರಾಹತಿ ಅಕ್ಕನಿಗಿರಲಿಲ್ಲ. ರಯೀಸನಿಗಿಂತ ಮೊದಲು ಅವಳಿಗೊಂದು ಗಂಡುಮಗುವಿತ್ತು. ಆಗ ಆ ಮನೆಯಲ್ಲಿ ಹಮಾಮ್ ಇರಲಿಲ್ಲ. ನೆಲಕ್ಕೆ ಹುಲ್ಲು, ಹೊಟ್ಟೆಗೆ ಆನಿಸಿಕೊಳ್ಳಲು ಕೆಂಡದ ಬುಟ್ಟಿ ಕಾಂಗಡಿ, ಅಷ್ಟೇ. ಒಂದು ಚಳಿಗಾಲದ ಬೆಳಿಗ್ಗೆ ಮಗುವಿನ ಕೈ ಮುಟ್ಟಿದಾಗ ಅದು ಬಿಸಿಯಾಗಲೇ ಇಲ್ಲ. ಆಮೇಲೆ ಅವಳ ಗಂಡ ತೋಟದ ಒಂದು ತುಂಡು ಮಾರಿ ಈ ಹಮಾಮ್ ಕಟ್ಟಿಸಿದ. ಗಾಳಿ ಎಂಬ ಪದ ಕೇಳಿದರೆ ಸಾಕು, ರಾಹತಿ ಅಕ್ಕ ಈಗಲೂ ಮೈಮೇಲಿನ ಉಣ್ಣೆ ನಿಲುವಂಗಿ, ಆ ಫೆರನ್ನಿನ ಕತ್ತು ಮುಚ್ಚಿಕೊಳ್ಳುತ್ತಾಳೆ.

ತಬಿಂದಾಳ ಭಯ ಬೇರೆ ಕಡೆಯದು. ಅವಳ ಸೋದರಮಾವ ಜಮ್ಮುವಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಚಳಿಯೆಂದು ಕಿಟಕಿಗೆಲ್ಲ ಪ್ಲಾಸ್ಟಿಕ್ ಬಡಿದು, ಗ್ಯಾಸಿನ ಹೀಟರ್ ಹಚ್ಚಿಕೊಂಡು ಮನೆಮಂದಿಯೆಲ್ಲ ಮಲಗಿದರು. ಬೆಳಿಗ್ಗೆ ರೊಟ್ಟಿ ತಗೊಂಡು ಹೋಗಿ ಬಾಗಿಲು ಬಡಿದವಳು ಆಗ ಅಲ್ಲೇ ಹತ್ತಿರದಲ್ಲಿದ್ದ ಇವಳೇ. ಒಳಗೆ ಯಾರೂ ಏಳಲಿಲ್ಲ.

ಇದನ್ನು ಅವಳು ಅತ್ತೆಗೆ ಹೇಳಿಯೂ ಇದ್ದಳು.

"ಅದು ಗ್ಯಾಸು, ಮಗಳೇ," ಅಂದಳು ರಾಹತಿ ಅಕ್ಕ. "ಇದು ಸೇಬಿನ ಕಟ್ಟಿಗೆ. ನಮ್ಮ ತೋಟದ್ದೇ. ಇದು ಯಾರಿಗೆ ಏನು ಮಾಡುತ್ತೆ?"

"ಹೊಗೆ ಯಾರ ತೋಟದ್ದಾದ್ರೂ ಹೊಗೇನೇ ಅಲ್ವಾ ಅಮ್ಮಾ."

"ಹೊಗೆ ಕಲ್ಲಿನ ಕೆಳಗಿರುತ್ತೆ, ನಾವು ಮೇಲಿರ್ತೀವಿ. ಕಿಂಡೀಲಿ ಬರೋ ಗಾಳಿ ನೇರ ಮಗೂ ನೆತ್ತಿಗೇ ಬಡಿಯುತ್ತೆ, ನೋಡು."

ಇಬ್ಬರೂ ಒಂದೇ ಕೂಸಿನ ಸಲುವಾಗಿ ಹೆದರಿದ್ದರು. ಆದ್ದರಿಂದಲೇ ಇಬ್ಬರೂ ಬಿಡಲೊಲ್ಲರು. ಜಗಳಕ್ಕೆ ಬಾಯಿ ಬೇಕಾಗಲಿಲ್ಲ. ತೀರಿಹೋದ ಗಂಡನ ಉಣ್ಣೆಯ ಶಾಲನ್ನು ಅತ್ತೆ ಕಿಂಡಿಗೆ ತುರುಕುವಳು. ಸೊಸೆ ಅದನ್ನು ಎಳೆದು, ಧೂಳು ಕೊಡವಿ, ಮಡಿಸಿ ಪೆಟ್ಟಿಗೆಯಲ್ಲಿಡುವಳು. ಮಾರನೆಯ ದಿನ ಶಾಲು ಮತ್ತೆ ಕಿಂಡಿಯಲ್ಲಿ.

"ಈ ಶಾಲಿಗೆ ಕಾಲು ಬಂದಿದೆ," ಎಂದು ರಾಹತಿ ಅಕ್ಕ ನನ್ನ ಮುಂದೆಯೇ ಅಂದಳು.

"ಹೌದಮ್ಮಾ. ಕಿಂಡೀಲಿ ಚಳಿ ಅಂತ ಪೆಟ್ಟಿಗೆಗೆ ಓಡಿಹೋಗುತ್ತೆ ಪಾಪ," ಅಂದಳು ತಬಿಂದಾ, ತಲೆಯೆತ್ತದೆ.

ಅಷ್ಟರಲ್ಲಿ ಕಾದರ್ ಕಾಕ ಬಂದ. ನಮ್ಮ ಸುತ್ತಿನ ಹಮಾಮುಗಳಿಗೆಲ್ಲ ಅವನೇ ಗಾರೆಯವನು. ಮಸಿ ತೆಗೆಯುವವನೂ ಅವನೇ. ಒಲೆಯ ಬಾಯಿಗೆ ತಲೆ ತೂರಿಸಿ, ಉದ್ದ ಕೋಲಿಗೆ ಕಟ್ಟಿದ ತಗಡಿನಿಂದ ಬುಟ್ಟಿಗಟ್ಟಲೆ ಮಸಿ ಎಳೆದು ಹಾಕಿದ. ಹೊರಬಂದಾಗ ಅವನಲ್ಲಿ ಬೆಳ್ಳಗಿದ್ದದ್ದು ಹಲ್ಲು ಮಾತ್ರ.

"ಕಾದರ್, ಈ ಮುಖ ಇಟ್ಕೊಂಡು ಮನೆಗೆ ಹೋದ್ರೆ ಹೆಂಡ್ತಿ ಗುರುತು ಹಿಡೀತಾಳಾ?" ಅಂದಳು ರಾಹತಿ ಅಕ್ಕ.

"ಗುರುತು ಹಿಡಿದ್ರೆ ಬೈಗುಳ, ಹಿಡೀದಿದ್ರೆ ಅತಿಥಿ ಮರ್ಯಾದೆ. ಎರಡನೇದೇ ಆಗ್ಲಿ ಅಂತ ದುವಾ ಮಾಡಿ ಅತ್ತಿಗೆ."

ಆಮೇಲೆ ಹೊಗೆ ಬಿಟ್ಟು ನೋಡುವ ಕೆಲಸ. ಸೂರಿನ ಮೇಲೆ ಹೊಗೆಬಾಯಿಗೆ ಒದ್ದೆ ಗೋಣಿ ಹೊದಿಸಿ, ಒಲೆಯಲ್ಲಿ ಹಸಿ ಹುಲ್ಲು, ಅಕ್ರೋಟದ ಎಲೆ ಸುಟ್ಟ ಕಾಕ. ದಾರಿ ಕಾಣದ ಹೊಗೆ ನೆಲದ ಸಂದುಗಳಲ್ಲಿ ಮೂಗು ತೂರಿಸತೊಡಗಿತು. ಬರಿಯ ಕಲ್ಲಿನ ಮೇಲೆ ನಾವು ಮೂವರು ಹೆಂಗಸರೂ ಮಂಡಿಯೂರಿ, ಎಲ್ಲೆಲ್ಲಿ ಎಳೆ ಏಳುತ್ತದೆಂದು ನೋಡಿದೆವು. ಒಂದು ಎಳೆ ಪಡುವಣ ಮೂಲೆಯಲ್ಲಿ, ನಮಾಜಿನ ಚಾಪೆ ಹಾಸುವ ಜಾಗದ ಪಕ್ಕದಲ್ಲೇ ಎದ್ದಿತು. ಊದುಬತ್ತಿಯ ಹೊಗೆಯಂತೆ ಸಣ್ಣಗೆ, ನೆಟ್ಟಗೆ. ಕಾಕ ಅಲ್ಲಿಗೆ ಸುಣ್ಣ, ಇಟ್ಟಿಗೆಪುಡಿ ಕಲಸಿ ತುಂಬಿ ಹೆಬ್ಬೆರಳಿನಿಂದ ಒತ್ತಿದ.

"ಸಣ್ಣ ಬೆಂಕಿ ಹಾಕಿ ನಿಧಾನ ಒಣಗಿಸಿ. ಒಮ್ಮೆಲೇ ಉರಿ ಕೊಟ್ರೆ ಸುಣ್ಣ ಬಾಯಿಬಿಡುತ್ತೆ," ಅಂದ.

ಉಪ್ಪು ಚಹಾ ಕುಡಿಯುವಾಗ ಅತ್ತೆ ಕೇಳಿದಳು: "ಕಿಂಡಿ ಮುಚ್ಚಿದ್ರೆ ಬಿಸಿ ನಿಲ್ಲುತ್ತಲ್ವಾ ಕಾದರ್?"

"ಯಾಕೆ ನಿಲ್ಲಲ್ಲ ಅತ್ತಿಗೆ, ಚೆನ್ನಾಗಿ ನಿಲ್ಲುತ್ತೆ."

ಅವಳು ರೊಟ್ಟಿ ತರಲು ಎದ್ದು ಹೋದಾಗ ಸೊಸೆ ಕೇಳಿದಳು: "ಕಾಕಾ, ಕಿಂಡಿ ತೆರೆದೇ ಇರ್ಬೇಕಲ್ವಾ?"

"ತೆರೆದೇ ಇರ್ಬೇಕು ಮಗಳೇ. ಅದಕ್ಕೇ ಅಲ್ವಾ ನಾನು ಇಟ್ಟಿದ್ದು."

ಎರಡು ಮಾತಿಗೂ ಒಂದೊಂದು ಲೋಟ ಚಹಾ ಕುಡಿದು ಅವನು ಹೊರಟುಹೋದ.

ಹಿಮಕ್ಕೆ ಇನ್ನೂ ಸಮಯವಿದೆ ಎಂದುಕೊಂಡಿದ್ದೆವು. ಮಾರನೆಯ ದಿನವೇ ಬೆಟ್ಟ ಕಾಣದಾಯಿತು. ಅದರ ಮರುದಿನ ಬೆಳಿಗ್ಗೆ ಎದ್ದರೆ ಅಂಗಳ, ಬೇಲಿ, ಅಕ್ರೋಟದ ಕೊಂಬೆ ಎಲ್ಲ ಬೆಳ್ಳಗೆ, ಸದ್ದಿಲ್ಲದೆ. ಹಿಬಾ ಎರಡು ಸಲ ಸೀನಿತು. ಆ ಎರಡು ಸೀನು ರಾಹತಿ ಅಕ್ಕನ ಎದೆಯಲ್ಲಿ ಏನೇನು ಎಬ್ಬಿಸಿತೋ ಮೇಲಿರುವವನೇ ಬಲ್ಲ. ತಾಮ್ರದ ಹಂಡೆಗೆ ನೀರು ತುಂಬಿ, ಒಲೆಯ ತುಂಬ ಸೇಬಿನ ಕೊರಡು ಜೋಡಿಸಿ, ಬಿಸ್ಮಿಲ್ಲಾ ಹೇಳಿ ದೊಡ್ಡ ಉರಿಯನ್ನೇ ಹಚ್ಚಿದಳು. ಮೂಲೆಯ ಸುಣ್ಣ ಇನ್ನೂ ಹಸಿಯಿತ್ತು. ಅದರ ಮೇಲೆ ಹುಲ್ಲುಚಾಪೆ, ಚಾಪೆಯ ಮೇಲೆ ಕಂಬಳಿ ಹಾಸಿಬಿಟ್ಟಳು.

"ಅಮ್ಮಾ, ಕಾಕ ಸಣ್ಣ ಬೆಂಕಿ ಅಂದಿದ್ರು."

"ಕಾದರ್‌ಗೇನು, ಅವನ ಮನೇಲಿ ಕೈಗೂಸಿದೆಯಾ? ನೀನು ಅಡುಗೆಮನೇಲೇ ಇರು. ಮೊದಲು ನಾನು ಕೂತು ನೋಡ್ತೀನಿ. ನನ್ನ ಮೂಳೆ ಒಪ್ಪಿದ ಮೇಲೆ ಮಗೂನ ತರುವಿಯಂತೆ."

ಅತ್ತೆ ಮೊದಲು ಕೂತು ನೋಡುತ್ತೇನೆಂದದ್ದು ತಬಿಂದಾಳಿಗೆ ಒಂದು ಬಗೆಯ ಸಮಾಧಾನ ಕೊಟ್ಟಿತಂತೆ. ಅಡುಗೆಯ ಒಲೆಯ ಮುಂದೆ ಕೂತು ಮಗುವಿಗೆ ಹಾಲೂಡಿಸಿದಳು. ಒಣ ಬದನೆಕಾಯಿ ನೆನೆಹಾಕಿದಳು. ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿಸಿತು. ಒಳಗಿಂದ ಕರೆ ಬರಲಿಲ್ಲ. ಹಿಮ ಬೀಳುವ ದಿನ ಮನೆಯೇ ಕಿವಿ ಮುಚ್ಚಿಕೊಂಡಂತಿರುತ್ತದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಹಮಾಮಿನ ಬಾಗಿಲು ತೆರೆದಳು.

ಬಿಸಿ ಮುಖಕ್ಕೆ ಬಡಿಯಿತು. ಅತ್ತೆ ಪಡುವಣಕ್ಕೆ ಮುಖ ಮಾಡಿ ಸಜ್ದಾದಲ್ಲಿದ್ದಳು, ಹಣೆ ಚಾಪೆಗೆ ಊರಿ.

ತಬಿಂದಾ ಹೊಸ್ತಿಲಲ್ಲೇ ನಿಂತಳು. ನಮಾಜಿನಲ್ಲಿರುವವರನ್ನು ಕರೆಯಬಾರದು. ಅವರ ಮುಂದೆ ಹಾದುಹೋಗಬಾರದು. ಹುಟ್ಟಿದಂದಿನಿಂದ ಕಲಿತದ್ದು. ಈಗ ಏಳುತ್ತಾರೆ ಎಂದು ಕಾದಳು. ಅತ್ತೆಯ ಸಜ್ದಾ ಯಾವಾಗಲೂ ದೀರ್ಘವೇ. ತೀರಿಹೋದವರೆಲ್ಲರ ಹೆಸರೂ ಅಲ್ಲಿ ಬರುತ್ತದೆ, ದಾರಿಯಲ್ಲಿರುವ ಮಗನದೂ. ಈಗ ಏಳುತ್ತಾರೆ. ಮಗು ಹೆಗಲ ಮೇಲೆ ಮಿಸುಕಿತು. ಅತ್ತೆಯ ಬೆನ್ನು ಮಿಸುಕಿತೇ? ಫೆರನ್ ದಪ್ಪದ್ದು, ಉಸಿರು ಕಾಣದು. ಒಂದು ಕೈ ಚಾಪೆಯಿಂದ ಆಚೆ ಸರಿದು, ಬೆರಳು ಸಡಿಲವಾಗಿ ಬಿದ್ದಿತ್ತು. ಅಲ್ಲಾಹನ ಮುಂದೆ ಬಾಗಿದ ತಲೆಯನ್ನು ಎಬ್ಬಿಸಲು ತಾನಾರು? ಎಬ್ಬಿಸದಿದ್ದರೆ?

ಕಿಂಡಿ ನೋಡೋಣವೆಂದು ಕಣ್ಣೆತ್ತಿದಳು. ಕಿಂಡಿ ಇರಲಿಲ್ಲ. ಅದರ ಜಾಗದಲ್ಲಿ ಗಾಜಿನ ಚೌಕಟ್ಟಿನೊಳಗೆ ಚಿನ್ನದ ಬಣ್ಣದಲ್ಲಿ ಬರೆದ ಕುರಾನಿನ ಸಾಲು, ಆಯತ್, ತೂಗುತ್ತಿತ್ತು. ನಿನ್ನೆಯವರೆಗೆ ಅದು ಎದುರುಗೋಡೆಯ ಮೇಲಿತ್ತು. ಚೌಕಟ್ಟಿನ ಕೆಳಗಿಂದ ಶಾಲಿನ ಅಂಚು ಒಂದಿಷ್ಟು ಇಣುಕುತ್ತಿತ್ತು. ದೇವರ ಮಾತಿನ ಮೇಲೆ ಸೊಸೆ ಕೈ ಹಾಕಲಾರಳೆಂದು ಅತ್ತೆ ಲೆಕ್ಕ ಹಾಕಿದ್ದಳು.

ಜಮ್ಮುವಿನ ಬಾಗಿಲು ನೆನಪಾಯಿತು, ತಾನು ಎಷ್ಟು ಹೊತ್ತು ಬಡಿಯುತ್ತಲೇ ನಿಂತಿದ್ದಳೆಂಬುದೂ. ತಬಿಂದಾ ಹಿಂದೆ ಸರಿದು, ಮಗುವನ್ನು ನಡುಮನೆಯ ತಣ್ಣನೆಯ ನೆಲದ ಮೇಲೆ ಮಲಗಿಸಿದಳು. ಹೊದಿಸಲು ಪುರುಸೊತ್ತಿರಲಿಲ್ಲ. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಅತ್ತೆಯ ಮುಂದೆಯೇ ಹಾದು, ಆಯತನ್ನು ಇಳಿಸಿ ಗೋಡೆಗೊರಗಿಸಿ, ಶಾಲನ್ನು ಕಿತ್ತೆಸೆದಳು. ಅತ್ತೆಯ ಭುಜ ಹಿಡಿದಳು. ಆ ದೇಹ ಹಾಗೆಯೇ ಪಕ್ಕಕ್ಕೆ ಉರುಳಿತು. ಕಂಕುಳಿಗೆ ಕೈ ಕೊಟ್ಟು ದರದರನೆ ಎಳೆದಳು. ಹೊಸ್ತಿಲು ದಾಟಿ, ನಡುಮನೆ ದಾಟಿ, ಅಂಗಳದ ಹಿಮಕ್ಕೆ.

ನನಗೆ ಕೇಳಿಸಿದ್ದು ಮಗುವಿನ ಅಳು. ಹಸಿವಿನ ಅಳುವಲ್ಲ ಅದು, ಎತ್ತಿಕೊಳ್ಳುವವರಿಲ್ಲದ ಅಳು. ಬರಿಗಾಲಲ್ಲಿ ಓಡಿದೆ. ರಾಹತಿ ಅಕ್ಕ ಹಿಮದ ಮೇಲೆ ಅಂಗಾತ ಬಿದ್ದಿದ್ದಳು. ಸೊಸೆ ಅವಳ ಕೆನ್ನೆಗೆ ಹಿಮ ಉಜ್ಜುತ್ತ, "ಅಮ್ಮಾ, ಅಮ್ಮಾ," ಎನ್ನುತ್ತಿದ್ದಳು. ಕೊನೆಯುಸಿರಿನವರ ಕಿವಿಗೆ ಹೇಳುವ ಕಲಿಮಾ ನನ್ನ ಬಾಯಿಗೆ ತಾನಾಗಿ ಬಂತು. ಹೇಳಲು ಹೆದರಿಕೆಯಾಗಿ ನುಂಗಿಕೊಂಡೆ.

ರಾಹತಿ ಅಕ್ಕನ ಗಂಟಲಲ್ಲಿ ಏನೋ ಗೊರಗೊರ ಎಂದಿತು. ಕೆಮ್ಮಿದಳು, ಕಾರಿಕೊಂಡಳು. ಕಣ್ಣು ತೆರೆಯದೆ, ತೊದಲುತ್ತ ಅವಳು ಆಡಿದ ಮೊದಲ ಮಾತು ನನಗೂ ಕೇಳಿಸಿತು:

"ಮಗು... ಥಂಡೀಲಿದೆ. ಎತ್ಕೊ."

ನಾನು ಹೋಗಿ ಮಗುವನ್ನು ಎತ್ತಿಕೊಂಡೆ. ಕಾದರ್ ಕಾಕನ ತಮ್ಮನ ಸುಮೋ ಗಾಡಿಯಲ್ಲಿ ಅಕ್ಕನನ್ನು ತಾಲೂಕು ಆಸ್ಪತ್ರೆಗೆ ಒಯ್ದರು. ಮೂಗಿಗೆ ಆಮ್ಲಜನಕದ ಮುಚ್ಚಳ ಕಟ್ಟಿದರು. ಇನ್ನು ಸ್ವಲ್ಪ ಹೊತ್ತು ಅಲ್ಲೇ ಇದ್ದಿದ್ದರೆ ಎಂದು ಡಾಕ್ಟರು ಮಾತು ಶುರುಮಾಡಿದರು. ತಬಿಂದಾ ಕೈ ಅಡ್ಡ ಮಾಡಿ ಆ ಮಾತನ್ನು ಮುಗಿಸಗೊಡಲಿಲ್ಲ.

ಅವರು ಹಿಂತಿರುಗುವಷ್ಟರಲ್ಲಿ ಕಾದರ್ ಕಾಕ ಕಂಬಳಿ, ಚಾಪೆ ಕಿತ್ತು ಮೂಲೆಯನ್ನು ನೋಡಿದ್ದ. ಸುಣ್ಣ ಬಾಯಿಬಿಟ್ಟಿತ್ತು, ಸಂದಿನಲ್ಲಿ ಬೆರಳೇ ಹೋಗುತ್ತಿತ್ತು. ಮತ್ತೆ ತುಂಬಿದ. ಸಣ್ಣ ಬೆಂಕಿಗೆ ತಾನೇ ಕಾವಲು ಕೂತ. ಚಹಾ ಕೊಟ್ಟರೆ ಬೇಡವೆಂದ.

"ಯಾಕೆ ಕಾಕಾ, ಇವತ್ತು ಯಾರೂ ಏನೂ ಕೇಳಲ್ಲ, ಕುಡೀರಿ," ಅಂದಳು ತಬಿಂದಾ.

"ಕೇಳು ಮಗಳೇ, ಒಂದೇ ಉತ್ತರ ಕೊಡ್ತೀನಿ," ಅಂದ ಅವನು, ಮುಖ ಒಲೆಯ ಕಡೆ ತಿರುಗಿಸಿಕೊಂಡು.

ಶಾಲಿನ ವಿಷಯ, ಆಯತಿನ ವಿಷಯ ಅತ್ತೆ ಸೊಸೆಯರ ನಡುವೆ ಬರಲಿಲ್ಲ. ಆಯತನ್ನು ರಾಹತಿ ಅಕ್ಕ ತಾನೇ ಕಣ್ಣಿಗೊತ್ತಿಕೊಂಡು ಎದುರುಗೋಡೆಗೆ ಹಾಕಿದಳು. ಶಾಲು ಮಗುವಿಗೆ ಹೊದಿಕೆಯಾಯಿತು.

ಈಗ ದೊಡ್ಡ ಚಳಿ. ರಯೀಸ್ ಬಂದಿದ್ದಾನೆ, ಗೋಡೆಗೊರಗಿ ನಿದ್ದೆಯಲ್ಲಿ ಗೊರಕೆ ಹೊಡೆಯುವುದೇ ಅವನ ಕೆಲಸ. ಕಿಂಡಿ ತೆರೆದೇ ಇದೆ. ಸೂಜಿಯಂಥ ಗಾಳಿ ಬರುತ್ತದೆ. ರಾಹತಿ ಅಕ್ಕ ತನ್ನ ಜಾಗ ಬದಲಿಸಿಕೊಂಡಿದ್ದಾಳೆ. ಕಿಂಡಿಯ ಕೆಳಗೆ ಎರಡು ದಿಂಬು ಏರಿಸಿ, ಕಿಂಡಿಗೇ ಬೆನ್ನು ಕೊಟ್ಟು, ಫೆರನ್ನಿನೊಳಗೆ ಕಾಂಗಡಿ ಹಿಡಿದು ಕೂರುತ್ತಾಳೆ. ಮಗು ಅವಳ ಮುಂದೆ, ಬಿಸಿ ಕಲ್ಲಿನ ಮೇಲೆ.

"ಅಕ್ಕಾ, ಬೆನ್ನು ಹಿಡ್ಕೊಳುತ್ತೆ, ಈ ಕಡೆ ಬಾ," ಅಂದೆ ಮೊನ್ನೆ.

"ಬರೋ ಗಾಳಿ ನನ್ನನ್ನ ದಾಟ್ಕೊಂಡು ಹೋಗ್ಲಿ ನೋಡೋಣ," ಅಂದಳು.

ನಮಾಜಿನ ಹೊತ್ತಿಗೆ ಮಾತ್ರ ತಿರುಗುತ್ತಾಳೆ. ಆಗ ತಬಿಂದಾ ಏನೇ ಮಾಡುತ್ತಿದ್ದರೂ ಕೈ ನಿಲ್ಲುತ್ತದೆ. ಅತ್ತೆಗೆ ಅದು ಗೊತ್ತು. ಮುಂಚೆ ತುಟಿ ಅಲುಗಿದರೂ ಸದ್ದು ಬರುತ್ತಿರಲಿಲ್ಲ. ಈಗ ಹಣೆ ನೆಲಕ್ಕೆ ತಾಗಿದೊಡನೆ ಪಿಸುಮಾತಿಗಿಂತ ತುಸು ದೊಡ್ಡದಾಗಿ, ಬಾಗಿಲವರೆಗೆ ಕೇಳುವಷ್ಟು, "ಸುಬ್‌ಹಾನ ರಬ್ಬಿಯಲ್ ಆ‌ಲಾ," ಎನ್ನುತ್ತಾಳೆ. ಒಂದು ಸಲ, ಇನ್ನೊಂದು ಸಲ. ಮತ್ತೂ ಒಂದು ಸಲ. ಆ ದನಿ ಬರುತ್ತಿರುವವರೆಗೆ ಸೊಸೆ ಅಕ್ಕಿ ಆರಿಸುತ್ತಾಳೆ.