ಕೆಂಪು ಚುಕ್ಕೆಯ ರಾಣಿ

ಮಿಶ್ರಿಕೋಟಿಯ ಹೊಳೆಪ್ಪನಿಗೆ ಜೇನಿನ ಸಂಸಾರವನ್ನು ಒಳಹೊಕ್ಕು ನೋಡುವ ಹುಚ್ಚು. ಗಾಜಿನ ಪೆಟ್ಟಿಗೆ ಮಾಡಲು ಅಂಗಡಿಯ ಮೈಮುನಬಿ ಬಿಸಾಕಿದ ಚಹಾಪುಡಿಯ ಕಟ್ಟಿಗೆ ಖೋಕೆಯ ಹಲಗೆ ಕೊಯ್ದ. ಹರಿದ ಚಪ್ಪಲಿಯ ತೊಗಲನ್ನೇ ಬಾಗಿಲಿನ ಬಿಜಾಗರಿ ಮಾಡಿದ. ಗಾಜು ಮಾತ್ರ ಸಿಗಲಿಲ್ಲ. ಕಡೆಗೆ ಗೋಡೆಯ ಮೇಲಿದ್ದ ಮದುವೆಯ ಫೋಟೋ ಇಳಿಸಿ ಅದರ ಗಾಜು ಬಿಚ್ಚಿದ. ಫೋಟೋದಲ್ಲಿ ಅವನು, ಹೆಂಡತಿ ರೇವವ್ವ, ಬಾಜು ಗೆಳೆಯ ಮಡಿವಾಳೆಪ್ಪ.

“ಮೂರೂ ಮಂದೀನ ಗ್ವಾಡಿಂದ ಇಳಿಸಿ ನೊಣಕ್ಕ ಮನಿ ಕಟ್ಟಾಕತ್ತೀರೇನ್ರಿ?” ರೇವವ್ವ ನಕ್ಕಳು.

ಒಂದೇ ಜೇನುಹುಟ್ಟು ಹಿಡಿಸುವ ತೆಳ್ಳಗಿನ ಪೆಟ್ಟಿಗೆ. ಅದರಲ್ಲಿ ಜೇನು ಕೂಡಿಸಿ, ನೊಣಕ್ಕೆ ಬೆಳಕು ಆಗದೆಂದು ಗಾಜಿನ ಮೇಲೆ ಗೋಣಿಯ ಪರದೆ ಇಳಿಬಿಟ್ಟ. ಬೇಲಿಯಾಚೆಯ ಮಡಿವಾಳೆಪ್ಪ ದಿನಾ ಸಂಜೆ ಬಂದು ಪರದೆ ಸರಿಸಿ ಗಾಜಿಗೆ ಮೂಗು ಹಚ್ಚುತ್ತಿದ್ದ.

“ರಾಣಿ ಯಾವುದಲೇ?”

“ಅಗೋ, ಆ ಉದ್ದಂದು.”

“ಎಲ್ಲಾ ಒಂದ ಥರಾ ಕಾಣತಾವ. ನಿನ್ನ ಮದಿವ್ಯಾಗೂ ಹಿಂಗ ಆಗಿ, ನಿಮ್ಮತ್ತಿ ತಲಿಮ್ಯಾಲೆ ಅಕ್ಕಿಕಾಳ ಹಾಕಿದ್ದೆ.”

ಎಂಬತ್ತಮೂರರ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿದ ಕೆಂಪು ಬಣ್ಣ ತುಸು ಉಳಿದಿತ್ತು. ರಾಣಿಯ ಗುರುತಿಗೆ ಒಂದು ಚುಕ್ಕೆ ಇಡೋಣವೆಂದರು ಇಬ್ಬರೂ. ಮಡಿವಾಳೆಪ್ಪ ಎರಡು ಬೆರಳಲ್ಲಿ ಅದನ್ನು ಹಿಡಿದ, ಹೊಳೆಪ್ಪ ಹುಲ್ಲುಕಡ್ಡಿಯಿಂದ ಬಣ್ಣ ಮುಟ್ಟಿಸಿದ. ನೇಗಿಲು ಹಿಡಿದ ಬೆರಳು. ಒಂದು ಕಡೆಯ ರೆಕ್ಕೆ ಅರ್ಧಕ್ಕೆ ಹರಿಯಿತು. ಹೊಳೆಪ್ಪ ಅದನ್ನು ಮರುದಿನ ಗಾಜಿನಲ್ಲಿ ಕಂಡ. ಗೆಳೆಯ ನೊಂದುಕೊಂಡಾನೆಂದು ಬಾಯಿ ಬಿಡಲಿಲ್ಲ. ರಾಣಿಗಾದರೂ ಹಾರುವ ಕೆಲಸವೇನಿತ್ತು? ಕೂತಲ್ಲೇ ತತ್ತಿ ಇಡುತ್ತಿತ್ತು.

ಗಂಡ ಹೆಂಡತಿ ಬೀಗರ ಊರಿಗೆ ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆ ಬರಿದಾಗಿತ್ತು. ಒಣಗಿದ ಹುಟ್ಟಿನ ಮೇಲೆ ಇರುವೆ ಹರಿದಾಡುತ್ತಿದ್ದವು. ಸಂಕಟ ಹೇಳಿಕೊಳ್ಳಲು ಹೊಳೆಪ್ಪ ಬೇಲಿ ದಾಟಿದ. ಮಡಿವಾಳೆಪ್ಪನ ಪಡಸಾಲೆಯಲ್ಲಿ ಒಂದು ಗಡಿಗೆ ಗುಂಯ್‌ಗುಡುತ್ತಿತ್ತು.

“ತಾವ ಹಾರಿ ಬಂದಾವೋ ಹೊಳ್ಯಾ,” ಎಂದ ಮಡಿವಾಳೆಪ್ಪ. “ತಾನಾಗಿ ಬಂದ ಜೇನು ಲಕ್ಷ್ಮಿ ಇದ್ದಂಗ, ತಿರುಗಿ ಕಳಸಬಾರದಂತ. ನಿಮ್ಮವ್ವನೂ ಹಂಗ ಅಂತಿದ್ಲು.”

ಅನ್ನುತ್ತಿದ್ದದ್ದು ಖರೆ. ಲಕ್ಷ್ಮಿ ಗೆಳೆಯನ ಮನೆಗೇ ಹೋಯಿತಲ್ಲ, ಇರಲಿ ಎಂದುಕೊಂಡ ಹೊಳೆಪ್ಪ, ಒಮ್ಮೆ ನೋಡಿ ಹೋಗೋಣವೆಂದು ಗಡಿಗೆಯ ಮುಚ್ಚಳ ಎತ್ತಿದ. ಕೆಂಪು ಚುಕ್ಕೆ ಅಂಚಿನಲ್ಲಿ ತೆವಳುತ್ತಿತ್ತು. ರೆಕ್ಕೆ ಅದೇ ಅರ್ಧ.

“ರಾಣಿನೂ ಹಾರಿ ಬಂತೇನು?”

“ಮತ್ತ? ಅದು ಮುಂದ, ಉಳದೂವು ಹಿಂದ. ಕಣ್ಣಾರೆ ನೋಡೇನಿ.”

ಹೊಳೆಪ್ಪ ಮುಚ್ಚಳವನ್ನು ಮೆಲ್ಲಗೆ ಇಟ್ಟ. “ಬಣ್ಣ ಹಚ್ಚಿದ ದಿನ ನಿನ್ನ ಬೆರಳಾಗ ಅದರ ರೆಕ್ಕಿ ಹರದಿತ್ತು, ಮಡಿವಾಳ್ಯಾ. ನಿನಗ ಕೆಟ್ಟ ಅನಸತೈತಂತ ಹೇಳಿರಲಿಲ್ಲ.”

ಮಡಿವಾಳೆಪ್ಪ ತನ್ನ ಬೆರಳು ನೋಡಿಕೊಂಡ.

“ನೀ ಕೇಳಿದ್ರ ಪೆಟಗಿ ಸುದ್ದಾ ಹೊತ್ತು ತಂದು ಕೊಡ್ತಿದ್ನಲ್ಲೋ,” ಎಂದ ಹೊಳೆಪ್ಪ.

ಮನೆಗೆ ಬಂದವನೇ ಪೆಟ್ಟಿಗೆಯ ಗಾಜು ಬಿಚ್ಚಿದ. ರೇವವ್ವ ಮೇಣ ಕೆರೆದು, ತೊಳೆದು, ಫೋಟೋಕ್ಕೆ ಕೂಡಿಸಿದಳು.

“ಗ್ವಾಡಿಗಿ ಹಾಕಲೇನ್ರಿ?”

ಹೊಳೆಪ್ಪ ಫೋಟೋದ ಕಡೆ ನೋಡಲಿಲ್ಲ. “ಹಾಕು. ಮ್ಯಾಲ ಆ ಗೋಣಿ ಪರದೀನೂ ಹಾಕು.”